ಪ್ರೋಲಾಗ್ ಪ್ರೋಗ್ರಾಮ್ ದಾರಿ ತಪ್ಪಿದಾಗ: ಲಕ್ಷಣ ನೋಡಿ ಚಿತ್ರ ಬಿಡಿಸುವ ದೋಷ ನಿವಾರಣೆ ಕೈಪಿಡಿ

ಸಿ ಅಥವಾ ಪೈಥಾನ್‌ನಲ್ಲಿ ಬರೆದ ಪ್ರೋಗ್ರಾಮ್ ಯಾವ ಸಾಲಿನಿಂದ ಯಾವ ಸಾಲಿಗೆ ಹೋಗುತ್ತದೆ ಎಂಬುದನ್ನು ಪುಟದ ಮೇಲೆ ಬೆರಳಿಟ್ಟು ತೋರಿಸಬಹುದು. ತರ್ಕವನ್ನು ಆಧರಿಸಿದ ಪ್ರೋಗ್ರಾಮಿಂಗ್ ಭಾಷೆಯಾದ ಪ್ರೋಲಾಗ್‌ನಲ್ಲಿ ಅದು ಸಾಧ್ಯವಿಲ್ಲ. ಪುಟದ ಮೇಲಿರುವುದು ಸಂಗತಿಗಳು ಮತ್ತು ನಿಯಮಗಳು ಮಾತ್ರ. ಅವುಗಳ ನಡುವೆ ಯಂತ್ರ ನಡೆಸುವ ಹುಡುಕಾಟ, ಸೋತು ಹಿಂದಿರುಗಿ ಮತ್ತೊಂದು ದಾರಿ ಹಿಡಿಯುವ ಅದರ ಓಡಾಟ, ಬರಹದಲ್ಲಿ ಎಲ್ಲಿಯೂ ಕಾಣುವುದಿಲ್ಲ. ತರ್ಕ ಪ್ರೋಗ್ರಾಮಿಂಗ್‌ನ ಪ್ರವರ್ತಕರಲ್ಲಿ ಒಬ್ಬರಾದ ರಾಬರ್ಟ್ ಕೊವಾಲ್ಸ್ಕಿ ಅವರು 1979ರಲ್ಲಿ ಅಲ್ಗಾರಿದಮ್ ಎಂದರೆ ತರ್ಕ ಮತ್ತು ನಿಯಂತ್ರಣ ಎರಡೂ ಕೂಡಿದ್ದು ಎಂದು ವಿವರಿಸಿದರು. ವಿದ್ಯಾರ್ಥಿ ಬರೆಯುವುದು ತರ್ಕವನ್ನು, ಆದರೆ ಅವನು ಎಡವುವುದು ಹೆಚ್ಚಾಗಿ ಕಣ್ಣಿಗೆ ಬೀಳದ ನಿಯಂತ್ರಣದಲ್ಲಿ. ಈ ಕಾರಣಕ್ಕೇ ಚಿತ್ರ ಬೇಕಾಗುತ್ತದೆ. ಆದರೆ ಎಲ್ಲ ದೋಷಕ್ಕೂ ಒಂದೇ ಚಿತ್ರ ಸಾಲುವುದಿಲ್ಲ. ಕಂಡ ಲಕ್ಷಣ ಯಾವುದು ಎಂಬುದರ ಮೇಲೆ ಯಾವ ಚಿತ್ರ ಬಿಡಿಸಬೇಕು ಎಂಬುದು ನಿರ್ಧಾರವಾಗುತ್ತದೆ.

ಕೈಪಿಡಿಯ ಹೆಚ್ಚಿನ ಭಾಗದಲ್ಲಿ ಈ ಪುಟ್ಟ ಪ್ರೋಗ್ರಾಮನ್ನೇ ಬಳಸಲಾಗಿದೆ. ಮೊದಲ ಮೂರು ಸಾಲು ಸಂಗತಿಗಳು, ಕೊನೆಯ ಎರಡು ನಿಯಮಗಳು. ನಿಯಮದಲ್ಲಿ ‘:-’ ಎಂದರೆ ‘ಹೀಗಿದ್ದರೆ’, ಅದರ ಬಲಗಡೆಯ ಮಾತುಗಳ ನಡುವಿನ ಅಲ್ಪವಿರಾಮ ಎಂದರೆ ‘ಮತ್ತು’.

ತಂದೆ(ಅರ್ಜುನ, ಅಭಿಮನ್ಯು).
ತಂದೆ(ಅಭಿಮನ್ಯು, ಪರೀಕ್ಷಿತ).
ತಂದೆ(ಪರೀಕ್ಷಿತ, ಜನಮೇಜಯ).

ಪೂರ್ವಜ(_ಹಿರಿಯ, _ಕಿರಿಯ) :- ತಂದೆ(_ಹಿರಿಯ, _ಕಿರಿಯ).
ಪೂರ್ವಜ(_ಹಿರಿಯ, _ಕಿರಿಯ) :- ತಂದೆ(_ಹಿರಿಯ, _ನಡು), ಪೂರ್ವಜ(_ನಡು, _ಕಿರಿಯ).

ಎಸ್‌ಡಬ್ಲ್ಯುಐ-ಪ್ರೋಲಾಗ್ ಎಂಬ, ಪ್ರೋಲಾಗ್ ಪ್ರೋಗ್ರಾಮ್‌ಗಳನ್ನು ನಡೆಸುವ ತಂತ್ರಾಂಶ ಕನ್ನಡ ಲಿಪಿಯ ಹೆಸರುಗಳನ್ನು ಒಪ್ಪುತ್ತದೆ. ಇಂಗ್ಲಿಷಿನಲ್ಲಿ ಚರದ, ಅಂದರೆ ಬೆಲೆ ಇನ್ನೂ ತಿಳಿಯದ ಪದದ, ಹೆಸರು ದೊಡ್ಡ ಅಕ್ಷರದಿಂದ ಆರಂಭವಾಗುತ್ತದೆ. ಕನ್ನಡದಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಂಬ ಭೇದವಿಲ್ಲದ ಕಾರಣ ಚರದ ಹೆಸರಿನ ಮುಂದೆ ಅಡಿಗೆರೆ ಹಾಕಬೇಕು.

ಬಳಸುವ ಚಿತ್ರಗಳು ಮೂರು. ಮೊದಲನೆಯದು ಪೆಟ್ಟಿಗೆ ಚಿತ್ರ. ಲಾರೆನ್ಸ್ ಬರ್ಡ್ ಅವರು 1980ರಲ್ಲಿ ಮುಂದಿಟ್ಟ ಈ ಮಾದರಿಯಲ್ಲಿ ಪ್ರತಿಯೊಂದು ಗುರಿಯೂ, ಅಂದರೆ ಯಂತ್ರ ಸಾಧಿಸಬೇಕಾದ ಮಾತೂ, ನಾಲ್ಕು ಬಾಗಿಲುಗಳ ಪೆಟ್ಟಿಗೆ: ಒಳಬರುವ ಕಾಲ್, ಗೆದ್ದು ಹೊರಹೋಗುವ ಎಕ್ಸಿಟ್, ಇನ್ನೊಂದು ಉತ್ತರಕ್ಕಾಗಿ ಮರಳಿ ಒಳಬರುವ ರೀಡೂ, ಸೋತು ಹೊರಹೋಗುವ ಫೇಲ್. ಯಾವುದು ಯಾವಾಗ ನಡೆಯಿತು ಎಂಬುದನ್ನು ಇದು ತೋರಿಸುತ್ತದೆ. ಎರಡನೆಯದು ಹುಡುಕಾಟದ ಮರ. ಯಂತ್ರ ಪ್ರಯತ್ನಿಸಿದ ಮತ್ತು ಪ್ರಯತ್ನಿಸಬಹುದಾದ ಎಲ್ಲ ಕೊಂಬೆಗಳೂ ಅದರಲ್ಲಿ ಇರುತ್ತವೆ. ಮೂರನೆಯದು ಸಾಧನೆಯ ಮರ; ಬಂದ ಒಂದು ಉತ್ತರಕ್ಕೆ ಆಧಾರವಾದ ಸಂಗತಿಗಳು ಮತ್ತು ನಿಯಮಗಳು ಮಾತ್ರ ಅದರಲ್ಲಿ ಉಳಿಯುತ್ತವೆ.

ಲಕ್ಷಣ: ಉತ್ತರ ಬರಬೇಕಾದ ಕಡೆ ತಕ್ಷಣವೇ ‘ಫಾಲ್ಸ್’ ಬರುತ್ತದೆ

ಇಲ್ಲಿ ಯಾವ ಚಿತ್ರಕ್ಕೂ ಕೈ ಹಾಕುವ ಮೊದಲು ಫೈಲನ್ನು ಮತ್ತೊಮ್ಮೆ ಲೋಡ್ ಮಾಡಿ, ಆಗ ಬರುವ ಎಚ್ಚರಿಕೆಗಳನ್ನು ಪೂರ್ತಿಯಾಗಿ ಓದಬೇಕು. ತಿದ್ದಿದ ಫೈಲನ್ನು ಉಳಿಸಿ, ಮರಳಿ ಲೋಡ್ ಮಾಡದೆ ಹಳೆಯ ನಿಯಮಗಳನ್ನೇ ಪರೀಕ್ಷಿಸುತ್ತ ಕೂರುವುದು ಪ್ರಯೋಗಾಲಯದಲ್ಲಿ ದಿನವೂ ಕಾಣುವ ತಪ್ಪು. ನಿಯಮವೊಂದರಲ್ಲಿ ಯಾವುದಾದರೂ ಚರ ಒಂದೇ ಸಲ ಬಂದಿದೆ ಎಂಬ ಎಚ್ಚರಿಕೆ ಕಂಡರೆ ಕಾಗುಣಿತ ತಪ್ಪಿದೆ ಎಂದೇ ಮೊದಲು ಭಾವಿಸಬೇಕು.

ತಂದೆ, ಪೂರ್ವಜ ಇಂಥ ಸಂಬಂಧಗಳನ್ನು ಪ್ರೋಲಾಗ್‌ನಲ್ಲಿ ಪ್ರೆಡಿಕೇಟ್ ಎನ್ನುತ್ತಾರೆ. ‘ಅಂತಹ ಪ್ರೆಡಿಕೇಟ್ ಇಲ್ಲ’ ಎಂಬ ದೋಷ ಸಂದೇಶಕ್ಕೂ ಫಾಲ್ಸ್‌ಗೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗೆ ಇಲ್ಲಿಯೇ ಬಿಡಿಸಿ ಹೇಳಬೇಕು. ಹೆಸರು ತಪ್ಪಿದ್ದರೆ, ಅಥವಾ ಆವರಣದೊಳಗಿನ ಪದಗಳ ಸಂಖ್ಯೆ ಹೆಚ್ಚು ಕಡಿಮೆಯಾಗಿದ್ದರೆ, ಮೊದಲನೆಯದು ಬರುತ್ತದೆ. ಫಾಲ್ಸ್ ಎಂದರೆ ಪ್ರಶ್ನೆ ಯಂತ್ರಕ್ಕೆ ಅರ್ಥವಾಗಿದೆ, ಕೊಟ್ಟ ನಿಯಮಗಳಿಂದ ಅದನ್ನು ಸಾಧಿಸಲು ಮಾತ್ರ ಆಗಲಿಲ್ಲ ಎಂದು.

ಮುಂದಿನ ಹಂತದಲ್ಲಿ ಟ್ರೇಸ್ ಹಾಕಿ, ಅಂದರೆ ಯಂತ್ರ ಪೆಟ್ಟಿಗೆಯ ಬಾಗಿಲುಗಳನ್ನು ದಾಟುವುದನ್ನು ಸಾಲುಸಾಲಾಗಿ ತೆರೆಯ ಮೇಲೆ ತರಿಸಿ, ನೋಡಬೇಕು. ಕಾಲ್ ಸಾಲಿನ ಬೆನ್ನಿಗೇ, ಒಳಗೆ ಮತ್ತೊಂದು ಪೆಟ್ಟಿಗೆ ತೆರೆಯದೆ, ಫೇಲ್ ಸಾಲು ಬಂದಿದ್ದರೆ ಯಾವ ಸಂಗತಿಯೂ, ಯಾವ ನಿಯಮದ ತಲೆಯೂ (‘:-’ ಚಿಹ್ನೆಯ ಎಡಭಾಗ) ಗುರಿಗೆ ಹೊಂದಲಿಲ್ಲ ಎಂದರ್ಥ. ಕನ್ನಡದಲ್ಲಿ ಬರೆಯುವವರಲ್ಲಿ ಇದರ ಸಾಮಾನ್ಯ ಕಾರಣ ಅಡಿಗೆರೆಯನ್ನು ಮರೆಯುವುದು. ತಂದೆ(ಅರ್ಜುನ, ಯಾರು) ಎಂದು ಕೇಳಿದರೆ ‘ಯಾರು’ ಎಂಬ ಹೆಸರಿನ ಮಗ ಅರ್ಜುನನಿಗೆ ಇದ್ದಾನೆಯೇ ಎಂದು ಕೇಳಿದಂತಾಗುತ್ತದೆ. ಇಲ್ಲ ಎಂಬ ಉತ್ತರ ಸರಿಯಾದದ್ದೇ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕಾರಣವಿದೆ. ಅದನ್ನು ಕಂಡುಹಿಡಿಯಲು ನಮ್ಮ ಪ್ರಯೋಗಾಲಯದಲ್ಲಿ ಒಮ್ಮೆ ಎರಡು ತರಗತಿಗಳ ಸಮಯ ಹೋಯಿತು. ವಿದ್ಯಾರ್ಥಿನಿಯೊಬ್ಬಳ ಫೈಲಿನಲ್ಲಿ ತಂದೆ(ದ್ರೋಣ, ಅಶ್ವತ್ಥಾಮ) ಎಂಬ ಸಂಗತಿ ಕಣ್ಣೆದುರಿಗೇ ಇತ್ತು, ಪ್ರಶ್ನೆಯೂ ಅಕ್ಷರಶಃ ಅದೇ ಆಗಿತ್ತು, ಆದರೂ ಫಾಲ್ಸ್ ಬರುತ್ತಿತ್ತು. ಯೂನಿಕೋಡ್‌ನಲ್ಲಿ ‘ೋ’ ಎಂಬ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಹೋಲಿಕೆ ನಡೆಯುವುದು ಸಂಕೇತಗಳ ನಡುವೆ, ಕಾಣುವ ರೂಪಗಳ ನಡುವೆ ಅಲ್ಲ. ಪದದ ಉದ್ದವನ್ನು ಹೇಳುವ ಪ್ರೆಡಿಕೇಟ್‌ನಿಂದ ಪರೀಕ್ಷಿಸಿದಾಗ ಒಂದು ದ್ರೋಣನ ಉದ್ದ 5, ಇನ್ನೊಂದರ ಉದ್ದ 7 ಎಂದು ತಿಳಿಯಿತು. ಬೇರೆಡೆಯಿಂದ ನಕಲು ಮಾಡಿ ತಂದ ಪಠ್ಯದಲ್ಲಿ ಕಣ್ಣಿಗೆ ಕಾಣದ ಜೋಡಕ, ವಿಭಜಕ ಸಂಕೇತಗಳು ಸೇರಿಕೊಂಡಿದ್ದಾಗಲೂ ಇಂಥದೇ ತೊಂದರೆಯಾಗುತ್ತದೆ. ಅನುಮಾನವಿರುವ ಹೆಸರನ್ನು ಎರಡೂ ಕಡೆ ಅಳಿಸಿ, ಒಂದೇ ಕೀಲಿಮಣೆಯಿಂದ ಹೊಸದಾಗಿ ಟೈಪ್ ಮಾಡುವುದು ಅತ್ಯಂತ ಅಗ್ಗದ ಪರಿಹಾರ.

ಲಕ್ಷಣ: ತೆರೆ ಸ್ತಬ್ಧವಾಗುತ್ತದೆ, ಅಥವಾ ಸರಿಯಾದ ಉತ್ತರಗಳ ನಂತರ ಪ್ರೋಗ್ರಾಮ್ ನಿಲ್ಲುವುದೇ ಇಲ್ಲ

ಮೊದಲು ಸುರಕ್ಷತೆಯನ್ನು ನೋಡಿಕೊಳ್ಳಬೇಕು. ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಓಟವನ್ನು ತಡೆದು, ಬರುವ ಆಯ್ಕೆಗಳಲ್ಲಿ ಅಬಾರ್ಟ್ ಆರಿಸಬೇಕು. ಎಸ್‌ಡಬ್ಲ್ಯುಐ-ಪ್ರೋಲಾಗ್‌ನಲ್ಲಿ 64 ಬಿಟ್ ಯಂತ್ರಗಳಿಗೆ ಮೊದಲೇ ಇಟ್ಟಿರುವ ಸ್ಟ್ಯಾಕ್ (ಓಟಕ್ಕೆ ಬಳಸುವ ಸ್ಮೃತಿ) ಮಿತಿ 1 ಜಿಬಿ. ಒಬ್ಬರೇ ಬಳಸುವ ಯಂತ್ರದಲ್ಲಿ ಇದು ತೊಂದರೆ ಕೊಡದಿರಬಹುದು. ಒಂದೇ ಸರ್ವರ್‌ನಲ್ಲಿ ಇಡೀ ತರಗತಿ ಕೆಲಸ ಮಾಡುತ್ತಿದ್ದರೆ ಎಲ್ಲರ ಕೆಲಸವೂ ನಿಧಾನವಾಗುತ್ತದೆ. ಅಂತಹ ಕಡೆ ಪ್ರೋಲಾಗನ್ನು ಆರಂಭಿಸುವಾಗಲೇ ಮಿತಿಯನ್ನು ತಗ್ಗಿಸಿಡುವುದು ಒಳ್ಳೆಯದು. ಪ್ರಯೋಗಕ್ಕೆ ಮುನ್ನ ಫೈಲನ್ನು ಉಳಿಸಿಕೊಂಡಿರಬೇಕು.

ಅನಂತ ಓಟದಲ್ಲಿ ಹುಡುಕಾಟದ ಮರದ ಒಂದು ಕೊಂಬೆ ಕೊನೆಯಿಲ್ಲದೆ ಬೆಳೆಯುತ್ತಿರುತ್ತದೆ. ಆ ಕೊಂಬೆಯ ಮೇಲಿನ ಗುರಿಗಳನ್ನು ಹತ್ತು ಹೆಜ್ಜೆಗಳಷ್ಟು ಕಾಗದದ ಮೇಲೆ ಬರೆದುಕೊಂಡರೆ ಸಾಕು, ದೋಷದ ಜಾತಿ ತಿಳಿಯುತ್ತದೆ. ನನ್ನ ಅನುಭವದಲ್ಲಿ ಅದು ಮೂರು ಆಕಾರಗಳಲ್ಲಿ ಒಂದಾಗಿರುತ್ತದೆ. ನಾನು ಅವನ್ನು ನಕಲು, ಚಕ್ರ, ಊತ ಎಂದು ಕರೆಯುತ್ತೇನೆ.

ನಕಲಿನಲ್ಲಿ ಒಂದೇ ಗುರಿ, ಚರದ ಹೆಸರಷ್ಟೇ ಬದಲಾಗಿ, ಮತ್ತೆ ಮತ್ತೆ ಬರುತ್ತದೆ. ಎರಡನೆಯ ನಿಯಮವನ್ನು ಹೀಗೆ ಬರೆದಿದ್ದೇವೆ ಎಂದಿಟ್ಟುಕೊಳ್ಳೋಣ.

ಪೂರ್ವಜ(_ಹಿರಿಯ, _ಕಿರಿಯ) :- ಪೂರ್ವಜ(_ಹಿರಿಯ, _ನಡು), ತಂದೆ(_ನಡು, _ಕಿರಿಯ).

ತರ್ಕದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಹಿಂದಿನ ನಿಯಮದ ಮಾತನ್ನೇ ಇದು ಬೇರೆ ಕ್ರಮದಲ್ಲಿ ಹೇಳುತ್ತದೆ. ಪೂರ್ವಜ(ಅರ್ಜುನ, _ಯಾರು) ಎಂದು ಕೇಳಿದರೆ ಅಭಿಮನ್ಯು, ಪರೀಕ್ಷಿತ, ಜನಮೇಜಯ ಮೂವರೂ ಸರಿಯಾಗಿ ಬರುತ್ತಾರೆ. ಇನ್ನೊಂದು ಉತ್ತರ ಕೇಳಲು ಮೂರನೆಯ ಬಾರಿ ಅರ್ಧವಿರಾಮ ಒತ್ತಿದಾಗ ಯಂತ್ರ ಹಿಂದಿರುಗುವುದಿಲ್ಲ, ಏಕೆಂದರೆ ಪೂರ್ವಜನನ್ನು ಹುಡುಕಲು ಅದು ಮೊದಲು ಪೂರ್ವಜನನ್ನೇ ಹುಡುಕಬೇಕು, ಅದಕ್ಕೂ ಮೊದಲು ಮತ್ತೆ ಪೂರ್ವಜನನ್ನೇ. ಇದೇ ನಿಯಮವನ್ನು ಸರಳ ನಿಯಮಕ್ಕಿಂತ ಮೇಲೆ ಬರೆದಿದ್ದರೆ ಒಂದು ಉತ್ತರವೂ ಬರುವುದಿಲ್ಲ. ಹೀಗೆ ‘ಉತ್ತರ ಬಂದ ನಂತರ ಸ್ತಬ್ಧ’ ಮತ್ತು ‘ಮೊದಲಿನಿಂದಲೇ ಸ್ತಬ್ಧ’ ಎಂಬ ಎರಡು ಲಕ್ಷಣಗಳ ಮೂಲ ಒಂದೇ, ನಿಯಮಗಳ ಕ್ರಮ ಮಾತ್ರ ಬೇರೆ. ಇದು ತರಗತಿಯಲ್ಲಿ ಬಿಡುವು ಮಾಡಿಕೊಂಡು, ಎರಡೂ ಮರಗಳನ್ನು ಪಕ್ಕಪಕ್ಕದಲ್ಲಿ ಬಿಡಿಸಿ ತೋರಿಸಬೇಕಾದ ವಿಷಯ: ಕೊಂಬೆಗಳು ಎರಡರಲ್ಲಿಯೂ ಅವೇ, ಅನಂತ ಕೊಂಬೆ ಒಂದರಲ್ಲಿ ಬಲತುದಿಯಲ್ಲಿದೆ, ಇನ್ನೊಂದರಲ್ಲಿ ಎಡತುದಿಯಲ್ಲಿದೆ. ಯಂತ್ರ ಎಡದಿಂದ ಹುಡುಕುವುದರಿಂದ ಎಡತುದಿಯ ಅನಂತ ಕೊಂಬೆ ಬಲಗಡೆಯ ಉತ್ತರಗಳಿಗೆ ದಾರಿಯನ್ನೇ ಕೊಡುವುದಿಲ್ಲ. ತಂದೆ ಎಂಬ ಗುರಿಯನ್ನು ಮುಂದಕ್ಕೆ ತಂದು, ಪುನರಾವರ್ತನೆಯನ್ನು ನಿಯಮದ ಕೊನೆಗೆ ಇಟ್ಟರೆ ದೋಷ ಹೋಗುತ್ತದೆ.

ಚಕ್ರದಲ್ಲಿ ಬೇರೆ ಬೇರೆ ಗುರಿಗಳು ಸರದಿಯಂತೆ ಮರಳುತ್ತವೆ. ಹಾಸನದಿಂದ ಬೇಲೂರಿಗೆ ರಸ್ತೆಯಿದೆ, ಬೇಲೂರಿನಿಂದ ಹಾಸನಕ್ಕೂ ಇದೆ ಎಂದು ಎರಡು ಸಂಗತಿಗಳನ್ನು ಕೊಟ್ಟು ಚಿಕ್ಕಮಗಳೂರಿನ ದಾರಿ ಕೇಳಿದರೆ, ಕೊಂಬೆಯಲ್ಲಿ ಹಾಸನ, ಬೇಲೂರು, ಹಾಸನ, ಬೇಲೂರು ಎಂದು ಕಾಣಬಹುದು. ಇಲ್ಲಿ ನಿಯಮದ ಕ್ರಮ ಬದಲಿಸಿ ಪ್ರಯೋಜನವಿಲ್ಲ. ಚಕ್ರ ಇರುವುದು ಮಾಹಿತಿಯಲ್ಲಿ. ಹಾದು ಬಂದ ಊರುಗಳ ಪಟ್ಟಿಯನ್ನು ಜೊತೆಗೆ ಒಯ್ದು, ಅದರಲ್ಲಿರುವ ಊರಿಗೆ ಮತ್ತೆ ಹೋಗದಂತೆ ತಡೆಯಬೇಕು.

ಊತದಲ್ಲಿ ಗುರಿ ಪ್ರತಿ ಹೆಜ್ಜೆಗೂ ದೊಡ್ಡದಾಗುತ್ತದೆ: ಪಟ್ಟಿಯಲ್ಲಿ ಒಂದು ಅಂಶವಿದ್ದದ್ದು ಎರಡಾಗಿ, ಮೂರಾಗಿ ಬೆಳೆಯುತ್ತದೆ. ಎರಡು ಪಟ್ಟಿಗಳನ್ನು ಜೋಡಿಸುವ ಪ್ರೆಡಿಕೇಟ್‌ಗೆ ಮೊದಲನೆಯ ಪಟ್ಟಿಯನ್ನೂ ಫಲಿತಾಂಶವನ್ನೂ ಕೊಡದೆ ಎಲ್ಲ ಉತ್ತರಗಳನ್ನು ಕೇಳಿದಾಗ ಹೀಗಾಗುತ್ತದೆ. ಇಲ್ಲಿ ಪ್ರೋಗ್ರಾಮ್‌ಗಿಂತ ಪ್ರಶ್ನೆಯನ್ನು ಮೊದಲು ಪರೀಕ್ಷಿಸಬೇಕು. ಉತ್ತರಗಳು ನಿಜವಾಗಿಯೂ ಅನಂತವಾಗಿದ್ದರೆ ಯಂತ್ರ ನಿಲ್ಲಬೇಕೆಂದು ಬಯಸುವುದೇ ಸರಿಯಲ್ಲ.

ನಕಲು ಮತ್ತು ಚಕ್ರ ಎರಡಕ್ಕೂ ಟೇಬಲಿಂಗ್ ಎಂಬ ಸೌಲಭ್ಯ ಮದ್ದಾಗಬಲ್ಲದು: ಒಮ್ಮೆ ಕೇಳಿದ ಗುರಿಯನ್ನೂ ಅದರ ಉತ್ತರಗಳನ್ನೂ ಯಂತ್ರ ನೆನಪಿನಲ್ಲಿಟ್ಟುಕೊಂಡು, ಅದೇ ಗುರಿ ಮತ್ತೆ ಬಂದಾಗ ಹೊಸದಾಗಿ ಒಳಹೊಗುವುದಿಲ್ಲ. ಆದರೆ ಟೇಬಲಿಂಗ್ ಹಾಕಿದ ಪ್ರೆಡಿಕೇಟ್‌ನ ಓಟ ನಾಲ್ಕು ಬಾಗಿಲಿನ ಪೆಟ್ಟಿಗೆ ಚಿತ್ರಕ್ಕೆ ಸರಿಯಾಗಿ ಹೊಂದುವುದಿಲ್ಲ. ಆದ್ದರಿಂದ ಕಲಿಕೆಯ ಆರಂಭದಲ್ಲಿ ಇದನ್ನು ಹೇಳಿಕೊಡಬಾರದು ಎಂಬುದು ನನ್ನ ಅಭಿಪ್ರಾಯ.

ಲಕ್ಷಣ: ಒಂದೇ ಉತ್ತರ ಎರಡೆರಡು ಬಾರಿ ಬರುತ್ತದೆ

ಪಾಂಡು ಮತ್ತು ಮಾದ್ರಿ ಇಬ್ಬರನ್ನೂ ನಕುಲ ಸಹದೇವರ ಹೆತ್ತವರೆಂದು ದಾಖಲಿಸಿ, ಒಡಹುಟ್ಟಿನ ನಿಯಮವನ್ನು ಹೀಗೆ ಬರೆದರೆ ನಕುಲನ ಒಡಹುಟ್ಟಾಗಿ ಸಹದೇವ ಎರಡು ಬಾರಿ ಬರುತ್ತಾನೆ.

ಒಡಹುಟ್ಟು(_ಒಬ್ಬ, _ಇನ್ನೊಬ್ಬ) :- ಹೆತ್ತವರು(_ಹೆತ್ತ, _ಒಬ್ಬ), ಹೆತ್ತವರು(_ಹೆತ್ತ, _ಇನ್ನೊಬ್ಬ), _ಒಬ್ಬ \== _ಇನ್ನೊಬ್ಬ.

ಇಲ್ಲಿ ‘\==’ ಎಂದರೆ ಎರಡೂ ಈ ಕ್ಷಣದಲ್ಲಿ ಒಂದೇ ಅಲ್ಲ ಎಂದು. ಎರಡು ಉತ್ತರಗಳಿಗೂ ಪ್ರತ್ಯೇಕವಾಗಿ ಸಾಧನೆಯ ಮರ ಬಿಡಿಸಬೇಕು. ಒಂದರಲ್ಲಿ ಪಾಂಡು, ಇನ್ನೊಂದರಲ್ಲಿ ಮಾದ್ರಿ ಕಂಡರೆ ಇದು ದೋಷವಲ್ಲ, ಒಂದೇ ಮಾತಿಗೆ ಎರಡು ಆಧಾರಗಳಿವೆ ಅಷ್ಟೇ. ಸೆಟ್‌ಆಫ್ ಬಳಸಿ ಉತ್ತರಗಳನ್ನು ಒಟ್ಟುಗೂಡಿಸಿದರೆ ಪುನರುಕ್ತಿ ಹೋಗುತ್ತದೆ. ಎರಡೂ ಮರಗಳು ಒಂದೇ ಆಗಿದ್ದರೆ ಸಂಗತಿಯೋ ನಿಯಮವೋ ಫೈಲಿನಲ್ಲಿ ಎರಡು ಬಾರಿ ಇದೆ. ಆಗ ಸೆಟ್‌ಆಫ್ ಬಳಸಿದರೆ ದೋಷ ಮುಚ್ಚಿಹೋಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ.

ಲಕ್ಷಣ: ಹೆಸರು ಹೇಳಿ ಕೇಳಿದರೆ ‘ಹೌದು’ ಎನ್ನುತ್ತದೆ, ಪಟ್ಟಿ ಕೇಳಿದರೆ ಅದೇ ಹೆಸರನ್ನು ಬಿಟ್ಟುಬಿಡುತ್ತದೆ

ಈ ಲಕ್ಷಣ ಕಂಡೊಡನೆ ಫೈಲಿನಲ್ಲಿ ಆಶ್ಚರ್ಯಸೂಚಕ ಚಿಹ್ನೆಯನ್ನು, ಅಂದರೆ ಕಟ್ ಅನ್ನು, ಹುಡುಕಬೇಕು. ಅದನ್ನು ದಾಟಿದ ಯಂತ್ರ ಆ ಗುರಿಗೆ ಉಳಿದಿದ್ದ ಬೇರೆ ಆಯ್ಕೆಗಳನ್ನು ಬಿಟ್ಟುಬಿಡುತ್ತದೆ. ಪೂರ್ವಜದ ಮೊದಲನೆಯ ನಿಯಮದ ಕೊನೆಗೆ ಕಟ್ ಸೇರಿಸಿದ್ದರೆ, ಪೂರ್ವಜ(ಅರ್ಜುನ, ಜನಮೇಜಯ) ಎಂಬ ಪ್ರಶ್ನೆಗೆ ಸರಿಯಾದ ಉತ್ತರವೇ ಬರುತ್ತದೆ, ಏಕೆಂದರೆ ಅರ್ಜುನನಿಗೆ ಸಂಬಂಧಿಸಿದ ಹೆಜ್ಜೆಯಲ್ಲಿ ತಂದೆ ಎಂಬ ಗುರಿ ಸೋಲುವುದರಿಂದ ಯಂತ್ರ ಕಟ್‌ವರೆಗೆ ತಲುಪುವುದೇ ಇಲ್ಲ. ಪೂರ್ವಜ(ಅರ್ಜುನ, _ಯಾರು) ಎಂದು ಕೇಳಿದರೆ ಅಭಿಮನ್ಯು ಒಬ್ಬನೇ ಬಂದು ಹುಡುಕಾಟ ಮುಗಿಯುತ್ತದೆ. ಮರವನ್ನು ಪೂರ್ತಿ ಬಿಡಿಸಿ, ಕಟ್ ದಾಟಿದ ಕ್ಷಣದಲ್ಲಿ ಯಾವ ಕೊಂಬೆಗಳು ಕಡಿದುಹೋದವು ಎಂಬುದನ್ನು ಅಡ್ಡಗೆರೆ ಎಳೆದು ಗುರುತಿಸಿದರೆ ಕಾರಣ ಸ್ಪಷ್ಟವಾಗುತ್ತದೆ. ಟ್ರೇಸ್‌ನಲ್ಲಿ ಈ ದೋಷ ಸುಲಭವಾಗಿ ಕಾಣುವುದಿಲ್ಲ. ನಡೆಯದೇ ಹೋದದ್ದಕ್ಕೆ ಟ್ರೇಸ್‌ನಲ್ಲಿ ಸಾಲು ಇರುವುದಿಲ್ಲ.

ಲಕ್ಷಣ: ಬಂದ ಉತ್ತರವೇ ತಪ್ಪು

ತಪ್ಪು ಉತ್ತರವೊಂದು ಬಂದಾಗ ಇಡೀ ಹುಡುಕಾಟವನ್ನು ನೋಡುವ ಅಗತ್ಯವಿಲ್ಲ, ಆ ಒಂದು ಉತ್ತರದ ಸಾಧನೆಯ ಮರ ಸಾಕು. ಮೇಲಿನಿಂದ ಕೆಳಗೆ ಬರುತ್ತ ಪ್ರತಿ ಗಂಟಿನಲ್ಲಿಯೂ ‘ಈ ಮಾತು ನಿಜವೇ?’ ಎಂದು ವಿದ್ಯಾರ್ಥಿಯನ್ನು ಕೇಳಬೇಕು. ಗಂಟು ಸುಳ್ಳಾಗಿದ್ದು, ಅದರ ಕೆಳಗಿನ ಮಾತುಗಳೆಲ್ಲ ನಿಜವಾಗಿದ್ದರೆ, ಅವನ್ನು ಬೆಸೆದ ನಿಯಮದಲ್ಲಿಯೇ ತಪ್ಪಿದೆ. ಎಹುದ್ ಶಪಿರೊ ಅವರು ಯೇಲ್ ವಿಶ್ವವಿದ್ಯಾಲಯದಲ್ಲಿ 1982ರಲ್ಲಿ ಮಂಡಿಸಿದ ಪಿಎಚ್‌.ಡಿ. ಪ್ರಬಂಧದಲ್ಲಿ ಈ ಪ್ರಶ್ನೋತ್ತರ ವಿಧಾನವನ್ನು ರೂಪಿಸಿದರು. ಯಂತ್ರದ ಓಟದ ಬಗ್ಗೆ ಏನೂ ತಿಳಿಯದವರೂ, ವಿಷಯ ತಿಳಿದಿದ್ದರೆ, ಇದರಿಂದ ದೋಷ ಹಿಡಿಯಬಹುದು. ಇದರ ದೊಡ್ಡ ಗುಣ ಅದೇ.

ಒಡಹುಟ್ಟಿನ ನಿಯಮದಲ್ಲಿ ಕೊನೆಯ ಗುರಿಯನ್ನು ಮೊದಲಿಗೆ ತಂದರೆ ನಕುಲ ತನಗೆ ತಾನೇ ಒಡಹುಟ್ಟು ಎಂಬ ಉತ್ತರವೂ ಬರುತ್ತದೆ. ಅದರ ಸಾಧನೆಯ ಮರದಲ್ಲಿ ‘ನಕುಲ \== ನಕುಲ’ ಎಂಬ ಎಲೆಯೊಂದು ಕಾಣುತ್ತದೆ. ಅದು ಸುಳ್ಳೆಂದು ಯಾರಾದರೂ ಹೇಳುತ್ತಾರೆ, ಆದರೂ ಯಂತ್ರ ಅದನ್ನು ಗೆದ್ದಿದೆ. ಸಾಧನೆಯ ಮರದಲ್ಲಿ ಕಾಲವಿಲ್ಲ; ಆದ್ದರಿಂದ ಇಲ್ಲಿ ಪೆಟ್ಟಿಗೆ ಚಿತ್ರಕ್ಕೆ ಮರಳಬೇಕು. ಆ ಗುರಿಯ ಕಾಲ್ ಸಾಲನ್ನು ನೋಡಿದರೆ ಅದು ನಡೆದಾಗ ಎರಡನೆಯ ಚರಕ್ಕೆ ಇನ್ನೂ ಬೆಲೆ ಬಂದಿರಲಿಲ್ಲ ಎಂದು ತಿಳಿಯುತ್ತದೆ. ಬೆಲೆಯಿಲ್ಲದ ಚರ ನಕುಲನಿಂದ ಬೇರೆಯೇ. ‘\==’ ಬದಲು ‘\=’ (ಎರಡೂ ಒಂದಾಗಲು ಸಾಧ್ಯವಿಲ್ಲ ಎಂಬ ಚಿಹ್ನೆ) ಬಳಸಿ ಮೊದಲಿಗೆ ಇಟ್ಟಿದ್ದರೆ ಇದೇ ತಪ್ಪು ತಿರುಗಿ, ಒಂದೂ ಉತ್ತರವಿಲ್ಲದೆ ಫಾಲ್ಸ್ ಬರುತ್ತಿತ್ತು. ಸೋಲನ್ನೇ ನಿರಾಕರಣೆ ಎಂದು ಬಗೆಯುವ ‘\+’ ಚಿಹ್ನೆಗೂ ಇದೇ ಎಚ್ಚರ ಬೇಕು: ಚರಗಳಿಗೆ ಬೆಲೆ ಬಂದ ನಂತರವೇ ಅದನ್ನು ಕೇಳಬೇಕು. ಎಲ್ಲಿಟ್ಟರೂ ಸರಿಯಾಗಿ ವರ್ತಿಸಬೇಕಾದ ಭೇದಕ್ಕೆ ಡಿಫ್ ಎಂಬ ಪ್ರೆಡಿಕೇಟ್ ಇದೆ.

ಲಕ್ಷಣ: ಟ್ರೇಸ್ ಕಣ್ಣೆದುರಿಗಿದ್ದರೂ ವಿದ್ಯಾರ್ಥಿಗೆ ಏನೂ ತಿಳಿಯುವುದಿಲ್ಲ

ಈಗ ದೋಷ ಇರುವುದು ಪ್ರೋಗ್ರಾಮಿನಲ್ಲಲ್ಲ, ಚಿತ್ರಕ್ಕೂ ವಿದ್ಯಾರ್ಥಿಯ ಮನಸ್ಸಿನಲ್ಲಿರುವ ಕಲ್ಪನೆಗೂ ನಡುವೆ. ಅಧ್ಯಾಪಕರು ಅತಿ ಹೆಚ್ಚು ತಾಳ್ಮೆ ತೋರಬೇಕಾದ ಜಾಗ ಇದು.

ಮೊದಲು ಯಂತ್ರವನ್ನು ಬದಿಗಿಟ್ಟು ಕಾಗದ, ಪೆನ್ನು, ಪೆನ್ಸಿಲ್ ತೆಗೆದುಕೊಳ್ಳಬೇಕು. ಪೂರ್ವಜ(ಅರ್ಜುನ, ಪರೀಕ್ಷಿತ) ಎಂಬ ಪ್ರಶ್ನೆಗೆ ಎಸ್‌ಡಬ್ಲ್ಯುಐ-ಪ್ರೋಲಾಗ್ ಹನ್ನೊಂದು ಸಾಲುಗಳ ಟ್ರೇಸ್ ಕೊಡುತ್ತದೆ. ಅದನ್ನು ತೋರಿಸುವ ಮೊದಲೇ ವಿದ್ಯಾರ್ಥಿ ತಾನು ನಿರೀಕ್ಷಿಸುವ ಸಾಲುಗಳನ್ನು ಬರೆಯಬೇಕು. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು, ಮೊದಲ ವ್ಯತ್ಯಾಸ ಯಾವ ಸಾಲಿನಲ್ಲಿದೆ ಎಂದು ಮಾತ್ರ ನೋಡಬೇಕು. ಯಂತ್ರ ಬಿಡಿಸಿದ ಚಿತ್ರವನ್ನು ಸುಮ್ಮನೆ ನೋಡಿದವರು ತಲೆಯಾಡಿಸುತ್ತಾರೆ. ಮೊದಲು ತಾವೇ ಬಿಡಿಸಿದವರು ಪ್ರಶ್ನೆ ಕೇಳುತ್ತಾರೆ. ವರ್ಷಗಳಿಂದ ಇದನ್ನು ಕಾಣುತ್ತ ಬಂದಿದ್ದೇನೆ.

ಮೊದಲ ವ್ಯತ್ಯಾಸ ನಾಲ್ಕನೆಯ ಸಾಲಿನ ರೀಡೂ ಬಳಿ ಇದ್ದರೆ, ರೀಡೂ ಎಂದರೆ ‘ಮೊದಲಿನಿಂದ ಮತ್ತೆ ಮಾಡು’ ಎಂದು ವಿದ್ಯಾರ್ಥಿ ತಿಳಿದಿದ್ದಾನೆ. ವಾಸ್ತವವಾಗಿ ಅದು ಉಳಿದಿರುವ ಮುಂದಿನ ಆಯ್ಕೆಯಿಂದ ಮುಂದುವರಿಯುವುದು. ಬರೆದಿಟ್ಟ ಚಿತ್ರದಲ್ಲಿ ಸೋತ ದಾರಿಯ ಬೆಲೆಗಳು ಹಾಗೆಯೇ ಉಳಿದಿದ್ದರೆ, ಚರಕ್ಕೆ ಬೆಲೆ ಬರುವುದನ್ನು ಅವನು ಪೈಥಾನ್‌ನಲ್ಲಿರುವಂತೆ ಬೆಲೆ ತುಂಬುವ ಕ್ರಿಯೆ ಎಂದು ಭಾವಿಸಿದ್ದಾನೆ. ಇದಕ್ಕೆ ಪೆನ್ಸಿಲ್ ಬೇಕು: ಗುರಿಗಳನ್ನು ಪೆನ್ನಿನಲ್ಲಿಯೂ ಚರದ ಬೆಲೆಗಳನ್ನು ಪೆನ್ಸಿಲಿನಲ್ಲಿಯೂ ಬರೆಸಿ, ಹಿಂದಿರುಗುವಾಗಲೆಲ್ಲ ಬೆಲೆಗಳನ್ನು ರಬ್ಬರಿನಿಂದ ಅಳಿಸಲು ಹೇಳಬೇಕು. ಫೇಲ್ ಸಾಲು ಕಂಡಾಗ ‘ಎರರ್ ಬಂತು’ ಎಂದರೆ, ಸೋಲು ಹುಡುಕಾಟದ ಸಹಜ ಭಾಗ ಎಂದು ತಿದ್ದಬೇಕು.

ಕಾಗದ ಸಾಲದಷ್ಟು ಪ್ರೋಗ್ರಾಮ್ ಬೆಳೆದಾಗ ಎಸ್‌ಡಬ್ಲ್ಯುಐ-ಪ್ರೋಲಾಗ್‌ನ ಚಿತ್ರಾತ್ಮಕ ಟ್ರೇಸರ್‌ಗೆ ಹೋಗಬಹುದು. ಮೂಲ ಬರಹ, ಚರಗಳ ಬೆಲೆ, ಕರೆಗಳ ಸಾಲು ಮೂರೂ ಒಂದೇ ಕಿಟಕಿಯಲ್ಲಿ ಕಾಣುತ್ತವೆ. ಸಾಲುಗಳ ಪ್ರವಾಹದಲ್ಲಿ ಕಳೆದುಹೋಗುವವರು ಇಡೀ ಓಟವನ್ನು ಟ್ರೇಸ್ ಮಾಡದೆ, ಅನುಮಾನವಿರುವ ಒಂದು ಪ್ರೆಡಿಕೇಟ್ ಮೇಲೆ ಸ್ಪೈ (ಅಲ್ಲಿ ಓಟವನ್ನು ನಿಲ್ಲಿಸುವ ಗುರುತು) ಹಾಕಿ, ಉಳಿದವನ್ನು ಸ್ಕಿಪ್ ಮಾಡಬೇಕು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಲ್ಲಿ ಮಾರ್ಕ್ ಐಸೆನ್‌ಸ್ಟಾಟ್ ಮತ್ತು ಮೈಕ್ ಬ್ರೇಶಾ ಅವರು 1980ರ ದಶಕದಲ್ಲಿ ರೂಪಿಸಿದ ಟ್ರಾನ್ಸ್‌ಪರೆಂಟ್ ಪ್ರೋಲಾಗ್ ಮಷೀನ್‌ನಲ್ಲಿ ಇಡೀ ಮರದ ದೂರನೋಟವೂ ಒಂದೊಂದು ಗಂಟಿನ ಸಮೀಪನೋಟವೂ ಬೇರೆ ಬೇರೆಯಾಗಿದ್ದವು. ತರಗತಿಯಲ್ಲಿಯೂ ಹಾಗೆಯೇ ಎರಡನ್ನೂ ಬೇರೆ ಇಟ್ಟು, ಮೊದಲು ದೂರದಿಂದ ಆಕಾರವನ್ನೂ ಆಮೇಲೆ ಹತ್ತಿರದಿಂದ ವಿವರವನ್ನೂ ತೋರಿಸುವುದು ಫಲಕಾರಿ. ಗೆಲುವಿಗೆ ಹಸಿರು, ಸೋಲಿಗೆ ಕೆಂಪು ಎಂದು ಬಣ್ಣವನ್ನಷ್ಟೇ ನಂಬಬಾರದು; ಆ ಎರಡು ಬಣ್ಣಗಳ ಭೇದ ಕಾಣದ ವಿದ್ಯಾರ್ಥಿಗಳಿಗಾಗಿ ಗುರುತುಗಳನ್ನೂ ಬಳಸಬೇಕು.

ಎಚ್ಚರಿಕೆ, ಮತ್ತು ನಿಲ್ಲಿಸಿ ಸಹಾಯ ಕೇಳಬೇಕಾದ ಹಂತ

ಟ್ರೇಸರ್‌ನಲ್ಲಿರುವ ರೀಟ್ರೈ ಆಯ್ಕೆ ಗುರಿಯೊಂದನ್ನು ಕಾಲ್ ಬಾಗಿಲಿಗೆ ಹಿಂದಕ್ಕೆ ಒಯ್ಯುತ್ತದೆ, ಆದರೆ ಅಷ್ಟರಲ್ಲಿ ಡೇಟಾಬೇಸ್‌ಗೆ ಸೇರಿದ ಅಥವಾ ಅಲ್ಲಿಂದ ಅಳಿಸಿಹೋದ ಸಂಗತಿಗಳನ್ನೂ ಫೈಲಿಗೆ ಬರೆದದ್ದನ್ನೂ ಅದು ಹಿಂದಕ್ಕೆ ತರುವುದಿಲ್ಲ. ಅಸರ್ಟ್, ರಿಟ್ರ್ಯಾಕ್ಟ್ ಬಳಸುವ, ಫೈಲ್‌ಗಳನ್ನು ತಿದ್ದುವ ಪ್ರೋಗ್ರಾಮನ್ನು ನಕಲು ಪ್ರತಿಯ ಮೇಲೆ ಮಾತ್ರ ಟ್ರೇಸ್ ಮಾಡಬೇಕು. ಬ್ರೌಸರ್‌ನಲ್ಲಿಯೇ ನಡೆಯುವ ಸ್ವಿಶ್‌ನಂತಹ ತಾಣಗಳು ಸಣ್ಣ ಉದಾಹರಣೆಗಳಿಗೆ ಅನುಕೂಲ. ಪರೀಕ್ಷೆಯ ಪ್ರಶ್ನೆಗಳನ್ನೂ ವಿದ್ಯಾರ್ಥಿಗಳ ಅಂಕಗಳನ್ನೂ ಅಲ್ಲಿ ಇಡಬಾರದು.

ಪ್ರೋಗ್ರಾಮನ್ನು ಕಿರಿದುಗೊಳಿಸುತ್ತ ಹೋದಂತೆ ದೋಷವೇ ಮಾಯವಾದರೆ, ಟ್ರೇಸ್ ಹಾಕಿದಾಗ ಒಂದು ಉತ್ತರ, ಹಾಕದಿದ್ದಾಗ ಇನ್ನೊಂದು ಉತ್ತರ ಬಂದರೆ, ಅಥವಾ ನಿರ್ಬಂಧ ಗ್ರಂಥಾಲಯಗಳ (ಚರಗಳ ಮೇಲಿನ ಷರತ್ತುಗಳನ್ನು ಬಿಡಿಸುವ ಸಿದ್ಧ ಪ್ರೋಗ್ರಾಮ್‌ಗಳ) ಒಳಗಿನ ಗುರಿಗಳೇ ಟ್ರೇಸ್‌ನಲ್ಲಿ ತುಂಬಿಕೊಂಡರೆ, ಒಬ್ಬರೇ ಹೆಣಗುವುದನ್ನು ನಿಲ್ಲಿಸಿ ಅನುಭವವಿರುವವರನ್ನು ಕೇಳಬೇಕು. ಕೇಳಲು ಹೋಗುವಾಗ ದೋಷ ಇನ್ನೂ ಕಾಣುವ ಅತಿ ಚಿಕ್ಕ ಪ್ರೋಗ್ರಾಮ್, ಕೇಳಿದ ಪ್ರಶ್ನೆ, ನಿರೀಕ್ಷಿಸಿದ ಉತ್ತರ, ಬಂದ ಉತ್ತರ, ಪ್ರೋಲಾಗ್‌ನ ಆವೃತ್ತಿ ಸಂಖ್ಯೆ, ಮತ್ತು ಕೈಯಲ್ಲಿ ಬಿಡಿಸಿದ ಚಿತ್ರವನ್ನು ಒಯ್ಯಬೇಕು. ಚಿತ್ರ ತಪ್ಪಾಗಿದ್ದರೂ ತಿದ್ದಿ ಅಂದಗೊಳಿಸದೆ ಇದ್ದಂತೆಯೇ ತೋರಿಸಬೇಕು. ನೋಡುವವರು ಮೊದಲು ಹುಡುಕುವುದು ಆ ತಪ್ಪನ್ನೇ.